ಕೋಳಿಗರಿ, ಒಣ ಬೋಗುಣಿ, ಮೂರು ಸಾವಿರ ಮೊಟ್ಟೆ

ಜುಲೈ ತಿಂಗಳ ಕೊನೆಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ, ಬಯಲಿನಲ್ಲಿ ನಿಂತು ಒಂದು ಬೋಗುಣಿಯನ್ನು ಒದ್ದೆಯಾಗದಂತೆ ಹಿಡಿದುಕೊಳ್ಳಬೇಕು. ಮಹಶೀರ್ ಎಂಬ ಹೊಳೆಮೀನಿನ ಮರಿ ಮಾಡಿಸುವ ಕೇಂದ್ರದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಇದು. ಎದುರಿಗೆ ಕೆರೆ, ಮೇಲೆ ಬಿಡದೆ ಸುರಿಯುವ ಮಳೆ, ಕೆಳಗೆ ಕಣಕಾಲು ಮುಳುಗುವ ಕೆಸರು, ನಡುವೆ ನಾನು ಮತ್ತು ಒಂದು ಕಡ್ಡಿ ಮುರಿದ ಕಪ್ಪು ಕೊಡೆ. ಕೊಡೆ ನನಗಲ್ಲ, ಬೋಗುಣಿಗೆ. ನಾನು ತೊಪ್ಪೆಯಾಗಿದ್ದೆ. ಬೋಗುಣಿ ಒಣಗಿತ್ತು.

ಕಾರಣವನ್ನು ಆಮೇಲೆ ತಿಳಿದುಕೊಂಡೆ. ಮೀನಿನ ಮೊಟ್ಟೆ, ವೀರ್ಯ ಎರಡನ್ನೂ ಹಿಂಡಿ ಬೆರೆಸುವುದು ಆ ಬೋಗುಣಿಯಲ್ಲಿ. ಗಂಡುಮೀನಿನ ವೀರ್ಯ ತನ್ನದೇ ದ್ರವದಲ್ಲಿರುವವರೆಗೆ ನಿದ್ದೆಯಲ್ಲಿರುತ್ತದೆ. ನೀರು ತಾಗಿದ ಕೂಡಲೇ ಎಚ್ಚರಗೊಂಡು ಓಡಲು ಶುರುಮಾಡುತ್ತದೆ. ಆ ಓಟದ ಆಯುಸ್ಸು ಹೆಚ್ಚೆಂದರೆ ಒಂದೆರಡು ನಿಮಿಷ. ಮೊಟ್ಟೆಯ ಜೊತೆ ಚೆನ್ನಾಗಿ ಬೆರೆಯುವ ಮೊದಲೇ ನಾಲ್ಕು ಹನಿ ಮಳೆ ಬಿದ್ದರೆ ಅಷ್ಟೂ ವ್ಯರ್ಥ. ಹಾಗಾಗಿ ಬೋಗುಣಿ ಒಣಗಿರಬೇಕು, ಹಿಂಡುವವರ ಕೈ ಒಣಗಿರಬೇಕು, ಮೀನಿನ ಹೊಟ್ಟೆಯನ್ನೂ ಟವೆಲ್ಲಿನಿಂದ ಒರೆಸಿರಬೇಕು. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸಾಯುವ ಪ್ರಾಣಿಯ ಬಾಣಂತನಕ್ಕೆ ಇಷ್ಟು ಮಡಿ.

ನಾನು ಮೀನಿನವನಲ್ಲ. ಪುಣೆಯ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಮೂವತ್ತಾರು ವರ್ಷ ನಕ್ಷೆ ಬರೆದವನು. ಅಣೆಕಟ್ಟಿನ ಗೇಟುಗಳು, ಅವುಗಳ ತೋಳು, ತಿರುಗಣಿ, ಸರಪಳಿ. ನಾನು ಬರೆದ ಹಾಳೆಗಳಲ್ಲಿ ನೀರು ಹೋಗುವ ದಿಕ್ಕಿಗೆ ಬಾಣದ ಗುರುತು ಇರುತ್ತಿತ್ತು, ಹೂಳು ಹೋಗುವ ಕಿಂಡಿ ಇರುತ್ತಿತ್ತು, ತಪಾಸಣೆಗೆ ಬರುವ ಅಧಿಕಾರಿ ಜಾರದಿರಲಿ ಎಂದು ಕಟಾಂಜನವೂ ಇರುತ್ತಿತ್ತು. ಮೀನಿಗೆ ಏನೂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ.

ಕೇಳುವ ಬುದ್ಧಿ ಬಂದದ್ದು ನಿವೃತ್ತಿಯಾದ ವರ್ಷ, ಅದೂ ಸಿಯಾಟಲ್‌ನಲ್ಲಿ. ಮಗನ ಮನೆಗೆ ಹೋಗಿದ್ದೆವು. ಅಲ್ಲಿ ಬ್ಯಾಲರ್ಡ್ ಎಂಬಲ್ಲಿ ಸಮುದ್ರಕ್ಕೂ ಸರೋವರಕ್ಕೂ ನಡುವೆ ದೋಣಿ ದಾಟಿಸುವ ಕಟ್ಟೆಯಿದೆ, ಪಕ್ಕದಲ್ಲಿ ಮೀನಿಗೆಂದೇ ಮೆಟ್ಟಿಲು. ಆ ಮೆಟ್ಟಿಲಿನ ಒಂದು ಬದಿಗೆ ಗಾಜು ಹಾಕಿದ್ದಾರೆ. ಗಾಜಿನ ಆಚೆ, ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಹತ್ತುವ ಒಂದು ಸಾಲ್ಮನ್ ಮೀನು ಹರಿವಿಗೆ ಮುಖ ಕೊಟ್ಟು, ಮುಂದೆಯೂ ಹೋಗದೆ ಹಿಂದೆಯೂ ಬೀಳದೆ, ಬಾಲವನ್ನಷ್ಟೇ ಆಡಿಸುತ್ತ ಐದು ನಿಮಿಷ ನಿಂತಿತ್ತು. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನಮ್ಮ ಮನೆಯವರು ಕಾಫಿ ಆರುತ್ತದೆ ಎಂದು ಮೂರು ಸಲ ಕರೆದರು.

ಮಗ ಹೇಳಿದ ಇನ್ನೊಂದು ವಿಷಯ ನನ್ನ ತಲೆಗೆ ಅಂಟಿತು. ಆ ಊರಿನ ಕುಡಿಯುವ ನೀರು ಬಹುಪಾಲು ಸೀಡರ್ ನದಿಯದು. ನಗರಕ್ಕೆ ನೀರು ತಿರುಗಿಸಲು 1901ರಲ್ಲಿ ಲ್ಯಾಂಡ್ಸ್‌ಬರ್ಗ್ ಎಂಬಲ್ಲಿ ಅಡ್ಡಕಟ್ಟೆ ಬಂತು. ನೂರು ವರ್ಷ ಸಾಲ್ಮನ್ ಅಲ್ಲಿಗೇ ನಿಂತವು. 2003ರಲ್ಲಿ ಮೀನಿಗೆ ದಾರಿ ಬಿಟ್ಟರು, ಮೇಲಿನ ಸುಮಾರು 27 ಕಿಲೋಮೀಟರ್ ನದಿ ಮತ್ತೆ ತೆರೆಯಿತು. ಆದರೆ ಎಲ್ಲರಿಗೂ ಅಲ್ಲ. ಚಿನೂಕ್ ಮತ್ತು ಕೋಹೋ ಜಾತಿಗಳನ್ನು ಬಿಡುತ್ತಾರೆ, ಸಾಕೈ ಜಾತಿಯನ್ನು ಬಿಡುವುದಿಲ್ಲ. ಸಾಕೈ ಬಂದರೆ ದಂಡಿಯಾಗಿ ಬರುತ್ತದೆ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅಷ್ಟು ಹೆಣ ಕೊಳೆತ ನೀರು ಊರಿನ ನಲ್ಲಿಗೆ ಹೋಗಬಾರದಲ್ಲ! ಈ ಲೆಕ್ಕಾಚಾರ ನನಗೆ ತುಂಬಾ ಹಿಡಿಸಿತು. ಪುಣ್ಯದ ಮಾತಿಲ್ಲ, ಕುಡಿಯುವವನ ಪಾಲು ಎಷ್ಟು, ಈಜುವವನ ಪಾಲು ಎಷ್ಟು ಎಂದು ಕೂತು ಮಾತಾಡಿ ಮುಗಿಸಿದ್ದಾರೆ.

ಪುಣೆಗೆ ಮರಳಿದ ಮೇಲೆ ನಮ್ಮ ನಲ್ಲಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅದಕ್ಕೆ ನೀರು ಬರುವುದು ಖಡಕ್‌ವಾಸ್ಲಾ ಅಣೆಕಟ್ಟಿನಿಂದ, ಅದರ ಬೆನ್ನಿಗೆ ಪಾನ್‌ಶೇತ್, ವರಸಗಾವ್, ಟೇಮಘರ್. ನಾಲ್ಕೂ ಸೇರಿ 29 ಟಿಎಂಸಿ ಚಿಲ್ಲರೆ. ಖಡಕ್‌ವಾಸ್ಲಾ ಬ್ರಿಟಿಷರ ಕಾಲದ್ದು, 1879ರದ್ದು. ಪಾನ್‌ಶೇತ್ 1961ರ ಜುಲೈ 12ರಂದು ಒಡೆದು, ತನ್ನ ಜೊತೆ ಖಡಕ್‌ವಾಸ್ಲಾವನ್ನೂ ಒಡೆದು, ಅರ್ಧ ಊರನ್ನು ತೊಳೆದುಕೊಂಡು ಹೋದದ್ದನ್ನು ಇಲ್ಲಿನ ಹಿರಿಯರು ಈಗಲೂ ಮೊನ್ನೆ ನಡೆದ ಹಾಗೆ ಹೇಳುತ್ತಾರೆ. ಈ ಅಣೆಕಟ್ಟುಗಳ ಕೆಳಗೆ ಪುಣೆಯೊಳಗೆ ಹರಿಯುವ ಮುಠಾ ನದಿಯೆಂದರೆ ಈಗ ಊರಿನವರಿಗೆ ವರ್ಷದಲ್ಲಿ ನಾಲ್ಕಾರು ದಿನದ ಸುದ್ದಿ: ಗೇಟು ತೆರೆದರು, ಭಿಡೆ ಸೇತುವೆ ಮುಳುಗಿತು, ವಾಹನ ಬೇರೆ ದಾರಿಗೆ ತಿರುಗಿಸಿದ್ದಾರೆ. ಉಳಿದ ದಿನ ಮೂಗು ಮುಚ್ಚಿಕೊಂಡು ದಾಟುವ ಚರಂಡಿ.

ಈ ಚರಂಡಿಯ ಬಗ್ಗೆ ನನಗೆ ಒಂದು ವಿಷಯ ಗೊತ್ತಿರಲಿಲ್ಲ. ದಕ್ಷಿಣದ ನೀಲಿ ರೆಕ್ಕೆಯ ಮಹಶೀರ್ ಮೀನನ್ನು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವರು ಕರ್ನಲ್ ಸೈಕ್ಸ್, 1839ರಲ್ಲಿ. ಅವರಿಗೆ ಅದು ಸಿಕ್ಕಿದ್ದು ಇದೇ ಮುಳಾ-ಮುಠಾ ಹೊಳೆಯಲ್ಲಿ, ಪುಣೆಯ ಹತ್ತಿರ. ಇಟ್ಟ ಹೆಸರು ಖುದ್ರಿ. ಇಲ್ಲಿನ ಬೆಸ್ತರು ಅದನ್ನು ಖಡಸ, ಖಡಚಿ ಎನ್ನುತ್ತಾರೆ, ಸೈಕ್ಸ್ ಸಾಹೇಬರ ಕಿವಿಗೆ ಹಾಗೆ ಕೇಳಿಸಿರಬೇಕು. ನಮ್ಮ ಕಾವೇರಿ ದಂಡೆಯಲ್ಲಿ ಇದರ ಕುಲದವಕ್ಕೆ ಬಿಳಿಮೀನು. ತುಳುವಿನಲ್ಲಿ ಪೆರುವೊಳ್. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ದೇವಸ್ಥಾನದ ಮೆಟ್ಟಿಲಿಗೆ ಬಂದು ಪುರಿ ತಿನ್ನುವ ದೇವರ ಮೀನು ಈ ಕುಲದ್ದೇ. ಪುಣೆಯ ಪಕ್ಕದ ದೇಹೂವಿನಲ್ಲೂ ಇಂದ್ರಾಯಣಿಯ ಮಡುವಿನಲ್ಲಿ ತುಕಾರಾಮರ ಹೆಸರಿನಲ್ಲಿ ಇವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಸಾಲ್ಮನ್‌ಗೆ ಸಮುದ್ರ ಬೇಕು, ಖಡಸಕ್ಕೆ ಬೇಡ. ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ, ಖಡಸ ವರ್ಷ ವರ್ಷ ಇಟ್ಟು ಬದುಕಿರುತ್ತದೆ. ಆದರೆ ಮಳೆಗಾಲದ ಹೊಸ ನೀರು ಬಂದಾಗ ಹರಿವಿಗೆ ಎದುರಾಗಿ ಮೇಲಿನ ಹಳ್ಳಗಳಿಗೆ ಹತ್ತಬೇಕು, ತಿಳಿನೀರು, ಉರುಟು ಕಲ್ಲು, ಗರಸು ಇರುವ ಜಾಗ ಹುಡುಕಬೇಕು ಎನ್ನುವ ಹಟ ಎರಡಕ್ಕೂ ಒಂದೇ. ಅಣೆಕಟ್ಟಿನ ಕೆಳಗಿದ್ದದ್ದು ಗೋಡೆಗೆ ಬಂದು ಮುಟ್ಟುತ್ತದೆ, ಅಲ್ಲೇ ಯಾರದೋ ಬಲೆಗೆ ಬೀಳುತ್ತದೆ. ಮೇಲೆ ಉಳಿದದ್ದಕ್ಕೆ ಮಾತ್ರ ಒಂದು ಉಪಾಯವಿದೆ: ಜಲಾಶಯವನ್ನೇ ಹೊಳೆ ಎಂದುಕೊಂಡು, ಅದಕ್ಕೆ ಸೇರುವ ಹಳ್ಳವನ್ನು ತವರು ಎಂದುಕೊಂಡು ಸಂಸಾರ ಮಾಡುವುದು. ಹಳ್ಳದಲ್ಲಿ ಗರಸು ಉಳಿದಿರಬೇಕು, ರೆಸಾರ್ಟಿನ ಕೊಳೆ ಸೇರಬಾರದು, ಸಿಡಿಮದ್ದಿನಲ್ಲಿ ಮೀನು ಹೊಡೆಯುವವರು ಬರಬಾರದು ಎಂಬುದಷ್ಟೇ ಕರಾರು.

ನಾನು ಹೋಗಿ ಸೇರಿದ ಮರಿಕೇಂದ್ರ ಇಂಥ ಮೇಲಿನ ಹಳ್ಳಗಳಿಗಾಗಿ ಕೆಲಸ ಮಾಡುವ ಚಿಕ್ಕ ಜಾಗ, ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದದ್ದು. ತಗಡಿನ ಮಾಡು, ಎರಡು ಸಿಮೆಂಟ್ ತೊಟ್ಟಿ, ಒಂದು ಸಾಲು ತಟ್ಟೆ. ನಡೆಸುವವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಲೋಣಾವಳದಲ್ಲಿ ಕೆಲಸ ಕಲಿತವರು. ಲೋಣಾವಳದ ವಲವಣ ಕೆರೆಯಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಮಹಶೀರ್ ಮರಿ ಮಾಡಿಸುತ್ತ ಬಂದಿದ್ದಾರೆ, ಈ ದೇಶದಲ್ಲಿ ಮಹಶೀರ್ ಮರಿ ಮಾಡುವವರೆಲ್ಲರ ಗುರುಮನೆ ಅದು. ಒದ್ದೆ ಹತ್ತಿಯಲ್ಲಿ ಮೊಟ್ಟೆ ಸುತ್ತಿ ವಿಮಾನದಲ್ಲಿ ದೂರದ ಊರುಗಳಿಗೆ ಕಳಿಸುವ ವಿದ್ಯೆಯೂ ಅಲ್ಲಿಯದೇ. ಕಾಕಾ ಜೊತೆಗೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿ ಇದ್ದಳು. ನನಗೆ ಕನ್ನಡದಲ್ಲಿ ಬೈಸಿಕೊಳ್ಳುವ ಭಾಗ್ಯ ಅವಳಿಂದ ಸಿಕ್ಕಿತು.

ಆ ರಾತ್ರಿ ಹಳ್ಳ ಕೆರೆಗೆ ಸೇರುವ ಬಾಯಲ್ಲಿ ಬಲೆ ನಿಲ್ಲಿಸಿದ್ದರು. ಬೆಳಗಿನ ಜಾವ ಐದಕ್ಕೆ ದೋಣಿ ದಡಕ್ಕೆ ಬಂತು. ಮೂರು ಗಂಡು, ಎರಡು ಹೆಣ್ಣು. ಹೆಣ್ಣಿನಲ್ಲಿ ಒಂದು ಇನ್ನೂ ಹಣ್ಣಾಗಿರಲಿಲ್ಲ, ಹೊಟ್ಟೆ ಗಟ್ಟಿಯಿತ್ತು, ಕಾಕಾ ಮುಟ್ಟಿ ನೋಡಿ ಹಾಗೆಯೇ ನೀರಿಗೆ ಬಿಟ್ಟರು. ಇನ್ನೊಂದು ಎರಡೂವರೆ ಕಿಲೋದ ತಾಯಿಮೀನು. ಒಂದೊಂದು ಹುರುಪೆಯೂ ಹಳೆಯ ರೂಪಾಯಿ ನಾಣ್ಯದಷ್ಟು, ಬೆನ್ನು ಕಂಚಿನ ಪಾತ್ರೆಯ ಬಣ್ಣ, ರೆಕ್ಕೆಗಳಲ್ಲಿ ಮಾತ್ರ ಸೀಸದ ನೀಲಿ. ಕಾಕಾ ಅದನ್ನು ಒದ್ದೆ ಗೋಣಿಯಲ್ಲಿ ಮಗುವಿನ ಹಾಗೆ ಎದೆಗೆ ಒರಗಿಸಿಕೊಂಡು, ಹೊಟ್ಟೆ ಒರೆಸಿ, ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿದರು. ಒತ್ತಲಿಲ್ಲ, ಜಾರಿಸಿದರು. ಒಳ್ಳೆಯ ತುಪ್ಪದಲ್ಲಿ ಹುರಿದ ಬೂಂದಿಕಾಳಿನಂಥ ಮೊಟ್ಟೆಗಳು, ಮೂರು ಮಿಲಿಮೀಟರಿನವು, ಬೋಗುಣಿಗೆ ಸದ್ದಿಲ್ಲದೆ ಜಾರಿದವು. ನನ್ನ ಕೈ ನಡುಗುತ್ತಿತ್ತು. ಕೊಡೆಯ ಅಂಚಿನಿಂದ ಒಂದು ಹನಿ ಬೋಗುಣಿಯ ಕಂಠದ ಮೇಲೆ ಬಿತ್ತು, ಒಳಗೆ ಬೀಳಲಿಲ್ಲ. ಹುಡುಗಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಗಂಡು. ಹಾಲಿನಂಥ ದ್ರವ ನಾಲ್ಕು ಹನಿ, ಇನ್ನೊಂದು ಗಂಡಿನದು ನಾಲ್ಕು ಹನಿ. ಒಂದೇ ಗಂಡನ್ನು ನಂಬಬಾರದು ಎಂದು ಕಾಕಾ ಗಂಭೀರವಾಗಿ ಹೇಳಿದರು. ಬೆರೆಸುವುದಕ್ಕೆ ಕೋಳಿಗರಿ. ಚಮಚ ತಾಗಿದರೆ ಮೊಟ್ಟೆಗೆ ಪೆಟ್ಟು, ಕೈ ತಾಗಿದರೆ ಬಿಸಿ, ಗರಿಯಷ್ಟು ಹಗುರ ಇನ್ನೊಂದಿಲ್ಲ. ಬೆರೆಸಿ, ಆಮೇಲೆ ಮಾತ್ರ ನೀರು ಹನಿಸಿ, ತೊಳೆದು, ಮತ್ತೆ ತೊಳೆದು, ಉಬ್ಬಲು ಬಿಟ್ಟೆವು. ತಾಯಿಮೀನನ್ನು ದಡದಲ್ಲಿ ಹರಿವಿಗೆ ಮುಖಮಾಡಿ ಹಿಡಿದಿದ್ದರು. ಉಸಿರು ಕೂಡಿಕೊಂಡ ಮೇಲೆ ಅದು ಕಾಕಾ ಮುಖಕ್ಕೆ ಬಾಲದಿಂದ ಒಂದು ಬಾರಿಸಿ ಹೋಯಿತು.

ಮೊಟ್ಟೆಯನ್ನು ಒಂದೊಂದಾಗಿ ಎಣಿಸುವುದಿಲ್ಲ. ಚಿಕ್ಕ ಬಟ್ಟಲಿಗೆ ಎಷ್ಟು ಹಿಡಿಯುತ್ತವೆ ಎಂದು ಒಮ್ಮೆ ಎಣಿಸಿ ಬಟ್ಟಲು ಅಳೆಯುತ್ತಾರೆ, ಭತ್ತ ಅಳೆದ ಹಾಗೆ. ನನ್ನ ಪಾಲಿನ ತಟ್ಟೆಗಳಿಗೆ ಸುಮಾರು ಮೂರು ಸಾವಿರ ಬಂದವು. ಒಂದರ ಮೇಲೊಂದು ಬೀಳದಂತೆ ಒಂದೇ ಪದರವಾಗಿ ಹರಡಿ, ಮೇಲಿನಿಂದ ತೆಳುವಾಗಿ ನೀರು ಹರಿಯುತ್ತಲೇ ಇರಬೇಕು. ಸತ್ತ ಮೊಟ್ಟೆ ಬಿಳಿಯಾಗುತ್ತದೆ. ಬಿಳಿಯಾದದ್ದನ್ನು ತೆಗೆಯದಿದ್ದರೆ ಅದರ ಮೇಲೆ ಹತ್ತಿಯಂಥ ಬೂಸು ಬಂದು ಪಕ್ಕದ ಜೀವಂತ ಮೊಟ್ಟೆಯನ್ನೂ ಅಪ್ಪಿಕೊಳ್ಳುತ್ತದೆ. ಆದ್ದರಿಂದ ಹಗಲೂ ರಾತ್ರಿ ಚಿಮಟ ಹಿಡಿದು ಬಿಳಿ ಆರಿಸುವುದೇ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಅನುಭವವಿರುವವರಿಗೆ ಇದು ಸಲೀಸು. ನನಗೆ ಇರಲಿಲ್ಲ. ಮನೆಗೆ ಫೋನ್ ಮಾಡಿ ಹೇಳಿದಾಗ, ಮೂವತ್ತೈದು ವರ್ಷ ಯಾರು ಆರಿಸಿದರು ಎಂದು ನೆನಪಾಯಿತೇ ಎಂದು ಕೇಳಿದರು.

ಎರಡನೆಯ ರಾತ್ರಿ ನನ್ನ ಸರದಿ. ಎರಡು ಗಂಟೆಯವರೆಗೆ ಎಚ್ಚರವಿದ್ದೆ. ತಗಡಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು, ಆ ಸದ್ದಿನಲ್ಲಿ ಪೈಪಿನ ಸದ್ದು ನಿಂತದ್ದು ಕಿವಿಗೆ ಬೀಳಲಿಲ್ಲ, ಅಥವಾ ನಾನು ನಿದ್ದೆಹೋಗಿದ್ದೆ. ಹೋಗಿದ್ದೆ ಎಂದೇ ಬರೆಯಬೇಕು. ಬೆಳಿಗ್ಗೆ ನೋಡಿದರೆ ಪೈಪಿನ ಬಾಯಿಗೆ ಒಂದು ನೇರಳೆ ಎಲೆ ಅಂಟಿದೆ. ಅಂಗೈ ಅಗಲದ ಒಂದೇ ಎಲೆ. ಕೆಳಗಿನ ಎರಡು ತಟ್ಟೆಗಳು ಅನ್ನದ ಹಾಗೆ ಬೆಳ್ಳಗಿದ್ದವು.

ಕಾಕಾ ಬೈಯಲಿಲ್ಲ, ತಟ್ಟೆ ಎತ್ತಿ ಹೊರಗೆ ಸುರಿದರು. ಹುಡುಗಿ, “ಸರ್, ಗೇಟಿನ ನಕ್ಷೆ ಬರೆಯುವಾಗ ಕಸ ತಡೆಯುವ ಜಾಲರಿ ಬರೆಯುತ್ತಿದ್ದಿರಲ್ಲ?” ಎಂದಳು. ಬರೆಯುತ್ತಿದ್ದೆ. ಪ್ರತಿ ಹಾಳೆಯಲ್ಲೂ ಬರೆದಿದ್ದೇನೆ. ಅವತ್ತೇ ಹಳೆಯ ಸೊಳ್ಳೆಪರದೆ ಕತ್ತರಿಸಿ, ಕಬ್ಬಿಣದ ತಂತಿ ಬಾಗಿಸಿ, ಆ ಪೈಪಿಗೊಂದು ಜಾಲರಿ ಕಟ್ಟಿದೆ. ನನ್ನ ವೃತ್ತಿಜೀವನದ ಅತಿ ಚಿಕ್ಕ ಜಾಲರಿ. ಈಗಲೂ ಅಲ್ಲೇ ಇದೆ.

ನೀರು 23 ಡಿಗ್ರಿ ಇದ್ದರೆ ಮೂರು ದಿನದ ಆಚೀಚೆ ಮೊಟ್ಟೆ ಒಡೆಯುತ್ತದೆ. ನಮ್ಮವು ಎಪ್ಪತ್ತನೆಯ ಗಂಟೆಗೆ ಶುರುಮಾಡಿದವು. ಮರಿ ಎಂದರೆ ಮರಿಯಲ್ಲ, ಒಂದು ಹಳದಿ ಚೀಲ, ಅದಕ್ಕೊಂದು ದಾರ, ದಾರಕ್ಕೆ ಎರಡು ಕಪ್ಪು ಚುಕ್ಕೆ. ನಾನು ಚೆನ್ನಾಗಿ ನೋಡೋಣವೆಂದು ಟಾರ್ಚ್ ಹಾಕಿದೆ. ಅಷ್ಟೂ ದಾರಗಳು ಬೆಳಕಿಗೆ ಬೆನ್ನು ಮಾಡಿ ತಟ್ಟೆಯ ಮೂಲೆಗೆ ಓಡಿ, ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು ಒಂದರೊಳಗೊಂದು ತೂರಿಕೊಂಡವು. ಹೊಳೆಯಲ್ಲಾದರೆ ಕಲ್ಲಿನ ಸಂದಿಗೆ ಹೀಗೆಯೇ ಇಳಿಯುತ್ತವಂತೆ. ಆ ಚೀಲ ಕರಗುವವರೆಗೆ ಊಟ ಬೇಡ, ಬೆಳಕು ಬೇಡ, ನಮ್ಮ ಮುಖವೂ ಬೇಡ. “ದೀಪ ಆರಿಸಿ ಸರ್, ಅವಕ್ಕೆ ನಾಚಿಕೆ” ಎಂದಳು ಹುಡುಗಿ.

ಈ ಬಿಡುವಿನ ದಿನಗಳಲ್ಲೇ ಕಾವೇರಿಯ ಮಾತು ಬಂದದ್ದು. ನನ್ನ ಊರು ಕೊಳ್ಳೇಗಾಲದ ಕಡೆ, ಹೊಳೆಯಿಂದ ಕೂಗಳತೆ. ನಮ್ಮಜ್ಜ ಹೇಳುತ್ತಿದ್ದ ಬಿಳಿಮೀನಿಗೆ ಗೂನು ಬೆನ್ನಿತ್ತು, ರೆಕ್ಕೆ ಕಿತ್ತಳೆಯ ಬಣ್ಣ, ಇಬ್ಬರು ಹೊರಬೇಕು. ಅಜ್ಜನ ಅಳತೆಗಳನ್ನು ನಾನು ನಂಬುತ್ತಿರಲಿಲ್ಲ. ಹುಡುಗಿ ಲೆಕ್ಕ ಕೊಟ್ಟಳು: 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಜ್ಜನ ಕ್ಷಮೆ ಕೇಳಬೇಕಾಗಿದೆ.

ಆ ಗೂನು ಬೆನ್ನಿನ ಮೀನು ಕಾವೇರಿಯ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲ. ಅದರ ಸರಿಯಾದ ಹೆಸರು ಯಾವುದು ಎಂದು ಗುರುತಿಸುವ ಹೊತ್ತಿಗೆ 2018 ಆಗಿತ್ತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲ ಕಾರಣಗಳಿದ್ದವು. ಜೊತೆಗೆ ಇನ್ನೊಂದು: ಕೆಲವು ದಶಕಗಳ ಹಿಂದೆ, ಮಹಶೀರ್ ಉಳಿಯಲಿ ಎಂಬ ಸದ್ಭಾವದಿಂದಲೇ, ಲೋಣಾವಳದ ನೀಲಿ ರೆಕ್ಕೆಯ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಗಾಳದವರ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ವಿಜ್ಞಾನಿಗಳು ಬಿಡಿಸಿ ನೋಡಿದರೆ, ವರ್ಷ ಕಳೆದಂತೆ ಗಾಳಕ್ಕೆ ಬೀಳುವುದು ನೀಲಿ ರೆಕ್ಕೆಯದೇ ಹೆಚ್ಚು, ಗೂನು ಬೆನ್ನಿನದು ಕಡಿಮೆ, ಇನ್ನೂ ಕಡಿಮೆ. ಅತ್ತ ನೀಲಿ ರೆಕ್ಕೆಯದು ಅಪಾಯದ ಪಟ್ಟಿಯಿಂದ ಇಳಿದು ಸದ್ಯಕ್ಕೆ ಚಿಂತೆಯಿಲ್ಲದ ಸಾಲಿಗೆ ಬಂದಿದೆ. ಇಲ್ಲಿ ಊರಿನ ಮಗ, ಅಲ್ಲಿ ಮನೆ ಹೊಕ್ಕ ನೆಂಟ.

ನಾನು ಆ ತಟ್ಟೆಗಳ ಮುಂದೆ ಕೂತಿದ್ದೆ. ಪುಣೆಯ ನಮ್ಮ ಕನ್ನಡ ಸಂಘದ ಕಾಲೇಜಿಗೂ ಕಾವೇರಿ ಎಂದೇ ಹೆಸರು. ದೂರ ಬಂದವರು ಹೊಳೆಯ ಹೆಸರನ್ನು ಜೊತೆಗೆ ತರುತ್ತೇವೆ, ಯಾರಿಗೂ ತೊಂದರೆಯಿಲ್ಲ. ಮೀನು ಹಾಗಲ್ಲವಲ್ಲ. ಕಾಕಾರನ್ನು ಕೇಳಿದೆ, ಈ ತಾಯಿಮೀನು ಎಲ್ಲಿಯದು? ಅವರು ಕೆರೆಯ ಬಾಯಿಯತ್ತ ಗದ್ದ ತೋರಿಸಿದರು. “ಈ ಹಳ್ಳದ್ದು ಈ ಹಳ್ಳಕ್ಕೇ. ಬೇರೆಯವರು ದುಡ್ಡು ಕೊಡುತ್ತೇನೆ ಎಂದು ಬರುತ್ತಾರೆ, ಕೊಡುವುದಿಲ್ಲ” ಎಂದರು ಮರಾಠಿಯಲ್ಲಿ. ಲೋಣಾವಳದಲ್ಲಿ ಹಿಮಾಲಯದ ಬಂಗಾರದ ಮಹಶೀರ್ ಕೂಡ ಸಾಕಿದ್ದುಂಟು, ಮಿಶ್ರತಳಿಯೂ ಆಗಿತ್ತು. ಅದನ್ನೆಲ್ಲ ಕಣ್ಣಾರೆ ಕಂಡವರಾದ್ದರಿಂದ ಈ ಬಿಗಿ.

ಚೀಲ ಕರಗಿದ ಮೇಲೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟರು, ಆಮೇಲೆ ಕೆರೆಯ ಸೂಕ್ಷ್ಮ ಹುಳು. ಆಗಸ್ಟ್, ಸೆಪ್ಟೆಂಬರ್ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಖಡಸ ಬೆಳೆಯುವುದು ಬಲು ನಿಧಾನ. ದಸರಾ ಕಳೆದ ಮೇಲೆ, ಕಿರುಬೆರಳಿನ ಅರ್ಧ ಆಗಿದ್ದಾಗ, ಬಿಡುವ ದಿನ ಗೊತ್ತಾಯಿತು. ನನ್ನ ಮೂರು ಸಾವಿರದಲ್ಲಿ ಉಳಿದದ್ದು ಎಂಟುನೂರರ ಹತ್ತಿರ. ಅರ್ಧ ನಷ್ಟ ನೇರಳೆ ಎಲೆಯದು, ಉಳಿದದ್ದು ದೇವರದು.

ಹಿಂದಿನ ದಿನ ಮರಿಗಳಿಗೆ ಉಪವಾಸ, ಹೊಟ್ಟೆ ತುಂಬಿದ ಮರಿ ಚೀಲದ ನೀರನ್ನು ಹೊಲಸು ಮಾಡಿಕೊಂಡು ಸಾಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಾಲುಭಾಗ ನೀರು, ಮಿಕ್ಕದ್ದು ಆಮ್ಲಜನಕ, ಬಾಯಿಗೆ ರಬ್ಬರ್. ಜೀಪು ಹೋಗುವಷ್ಟು ಹೋಯಿತು, ಆಮೇಲೆ ಒಂದು ಗಂಟೆ ಹೊತ್ತು ನಡೆದೆವು. ಹಳ್ಳದಲ್ಲಿ ಮೊಣಕಾಲುದ್ದ ನೀರು, ತಳದ ಗರಸು ಒಂದೊಂದೂ ಕಾಣುವಷ್ಟು ತಿಳಿ. ಚೀಲಗಳನ್ನು ಹಾಗೆಯೇ ನೀರಿನಲ್ಲಿ ಅರ್ಧ ಗಂಟೆ ತೇಲಿಸಿದೆವು, ಒಳಗಿನ ಬಿಸಿ ಹೊರಗಿನ ತಂಪಿಗೆ ಹೊಂದಲಿ ಎಂದು. ಆ ಅರ್ಧ ಗಂಟೆಯಲ್ಲಿ ಭಾಕರಿ, ಪಿಠಲೆ, ಹಸಿಮೆಣಸಿನಕಾಯಿ ಠೇಚಾ. ಬಾಯಿ ಬಿಚ್ಚಿ ಚೀಲವನ್ನು ಮಗುಚಿದಾಗ ಮರಿಗಳು ಒಂದು ಕ್ಷಣ ಅಲ್ಲೇ ಗುಂಪಾಗಿ ನಿಂತವು. ಆಮೇಲೆ ಎಲ್ಲವೂ ಒಟ್ಟಿಗೆ ಹರಿವಿಗೆ ಮುಖ ತಿರುಗಿಸಿದವು. ಯಾರೂ ಹೇಳಿಕೊಟ್ಟಿರಲಿಲ್ಲ. ಸಿಯಾಟಲ್‌ನ ಗಾಜಿನ ಹಿಂದಿನ ಭಂಗಿಯೇ. ಕೆಳಗೆ, ಜಲಾಶಯದಲ್ಲಿ, ಮರಿ ತಿನ್ನುವ ತಿಲಾಪಿಯಾ ಮೀನು ಕಾದಿರುತ್ತದೆ ಎಂದು ಕಾಕಾ ಭಾಕರಿ ಅಗಿಯುತ್ತ ಹೇಳಿದರು.

ಫೋಟೋ ತೆಗೆದು ಊರಿಗೆ ಕಳಿಸಿದ್ದು ನನ್ನದೇ ತಪ್ಪು. ಮರುದಿನವೇ ಭಾವನ ಫೋನ್, ಅಕ್ಕನ ಗಂಡ. “ಏನಪ್ಪಾ, ಬಿಳಿಮೀನು ಮರಿ ಮಾಡುತ್ತೀಯಂತೆ. ನಮ್ಮ ದೇವಸ್ಥಾನದ ಮುಂದಿನ ಮಡುವಿಗೆ ಒಂದು ಐನೂರು ಕಳಿಸು. ಖರ್ಚು ನಮ್ಮದು. ನಿನ್ನ ಹೆಸರಿನಲ್ಲೇ ಬಿಡೋಣ.”

ಆಗುವುದಿಲ್ಲ ಭಾವ ಎಂದೆ. ಅವರಿಗೆ ಬೇಜಾರಾಯಿತು. ಪುಣೆಯ ಹೊಳೆಗೆ ಆಗುತ್ತದೆ, ಹುಟ್ಟಿದ ಊರಿನ ಹೊಳೆಗೆ ಆಗುವುದಿಲ್ಲವೇ ಎಂದರು. ಅರ್ಧ ಗಂಟೆ ವಿವರಿಸಿದೆ. ನೀಲಿ ರೆಕ್ಕೆ, ಕಿತ್ತಳೆ ರೆಕ್ಕೆ, ಗೂನು ಬೆನ್ನು, ಅಜ್ಜನ ಮಾತು ಎಲ್ಲವನ್ನೂ. ಅವರು ಕೇಳಿಸಿಕೊಂಡು, “ಹಾಗಾದರೆ ನಮ್ಮ ಗೂನು ಬೆನ್ನಿನದನ್ನೇ ಮರಿ ಮಾಡಿಸಿ ಕಳಿಸು” ಎಂದರು.

“ಅದಕ್ಕೆ ಅಲ್ಲಿಯದೇ ತಾಯಿಮೀನು ಬೇಕು ಭಾವ. ನಮ್ಮ ಹೊಳೆಯಲ್ಲಿ ಒಂದಾದರೂ ಕಣ್ಣಿಗೆ ಬಿದ್ದರೆ ಫೋನ್ ಮಾಡಿ. ಹಿಡಿಯುವುದು ಬೇಡ, ಫೋನ್ ಮಾಡಿ.”

ಹ್ಞೂಂ ಎಂದರು. ಮೊನ್ನೆ ಫೋನ್ ಬಂತು. ಮಗಳ ಸೀಮಂತಕ್ಕೆ ಕರೆಯಲು, ತೆಂಗಿನಕಾಯಿ ಧಾರಣೆ ಹೇಳಲು. ಹೊಳೆಯಲ್ಲಿ ಈ ವರ್ಷ ನೀರು ಚೆನ್ನಾಗಿದೆಯಂತೆ.